ಗೂಟಗಳ ಮೇಲಿನ ಬಿಳಿ ಕ್ಯಾನು

ಮರ್ರೆ, ಕೆಂಟಕಿ
ಏಪ್ರಿಲ್ ೧೧, ಗುರುವಾರ ಬೆಳಿಗ್ಗೆ

ಪ್ರೀತಿಯ ಡೆನ್ವರಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಆ ಸರಕು ದೋಣಿಯಲ್ಲಿ ತೊಡೆ ದಪ್ಪದ ಹಗ್ಗ ಎಳೆಯುವ ಕೆಲಸ ನಿನ್ನ ಬೆನ್ನಿಗೆ ಆಗುವಂಥದ್ದಲ್ಲ ಅಂತ ಅಮ್ಮ ಇದ್ದಿದ್ದರೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಊಟ ಸರಿಯಾಗಿ ಸಿಗುತ್ತದಾ? ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಂಪನಿಯ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಇದು ಮೂರನೆಯ ಪತ್ರ. ಮೊದಲಿನ ಎರಡನ್ನೂ ನಾನೇ ಹರಿದು ಒಲೆಗೆ ಹಾಕಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮಗು ಎಡಗೈ ಮೇಲೆ ಮಲಗಿದೆ, ಕಾಗದವನ್ನು ಸಕ್ಕರೆ ಡಬ್ಬಿಯಿಂದ ಒತ್ತಿ ಹಿಡಿದು ಬರೆಯುತ್ತಿದ್ದೇನೆ.

ಮಗುವಿಗೆ ಐದು ತಿಂಗಳಾಯಿತು. ಮೇವಿಸ್ ಅಂತ ಅಮ್ಮನ ಹೆಸರನ್ನೇ ಇಟ್ಟಿದ್ದೇವೆ, ಅದನ್ನಾದರೂ ಯಾರಾದರೂ ನಿನಗೆ ಹೇಳಿರಬೇಕು. ಕಿವಿ ಥೇಟ್ ನಿನ್ನದೇ, ಎರಡೂ ಹೊರಗೆ ಚಾಚಿಕೊಂಡಿವೆ. ಅವಳು ನಿದ್ದೆ ಮಾಡುವುದಿಲ್ಲ. ಮಾಡಿದರೆ ನನಗೆ ನಿದ್ದೆ ಬರುವುದಿಲ್ಲ, ಉಸಿರಾಡುತ್ತಿದ್ದಾಳಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಾ ಕೂರುತ್ತೇನೆ. ನಾಲ್ಕು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವಳು, ಶ್ವಾಸಕೋಶದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದವಳು, ಈಗ ಐದು ತಿಂಗಳ ಕೂಸಿನ ಉಸಿರನ್ನು ನಂಬುವುದಕ್ಕೆ ಆಗುತ್ತಿಲ್ಲ. ಟ್ರೆಂಟ್‌ಗೆ ಕಿಟಕಿ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ. ಅವನು ಒಳ್ಳೆಯವನು ಅಣ್ಣಾ. ನಿನಗೆ ಅವನ ಮನೆಯವರನ್ನು ಕಂಡರೆ ಆಗುವುದಿಲ್ಲ, ಗೊತ್ತು, ಆದರೂ ಅಪ್ಪನಿಗೆ ಸ್ನಾನ ಮಾಡಿಸುವವನು ಅವನೇ.

ಅಪ್ಪನ ವಿಷಯ ಬರೆಯುವುದಕ್ಕೇ ಕೂತಿದ್ದು. ಜನವರಿಯಲ್ಲಿ ಲಕ್ವ ಹೊಡೆದದ್ದು ನಿನಗೆ ಗೊತ್ತು, ನಾನು ಮೆಸೇಜ್ ಮಾಡಿದ್ದೆ. ನೀನು ಆಸ್ಪತ್ರೆಗೆ ಬಂದು, ಕೆಳಗೆ ಗಾಡಿ ನಿಲ್ಲಿಸಿಕೊಂಡು ಒಂದು ಗಂಟೆ ಕೂತು, ಮೇಲೆ ಬರದೆ ಹೋದೆ ಅಂತ ಟ್ರೆಂಟ್ ಹೇಳಿದ. ನಿಜವಾ? ಅಪ್ಪನಿಗೆ ಬಲಗೈ, ಬಲಗಾಲು ಇಲ್ಲದ ಹಾಗೆಯೇ. ಬಾಯಿಯ ಅರ್ಧ ಮಾತ್ರ ಮಾತಾಡುತ್ತದೆ. ಗಂಜಿ ಎರಡು ಚಮಚ, ಮೂರನೆಯದಕ್ಕೆ ಮುಖ ತಿರುಗಿಸುತ್ತಾರೆ. ಬಟ್ಟೆ ಒಣಹಾಕುವ ತಂತಿಯ ಪಕ್ಕ ಅಮ್ಮ ನೆಟ್ಟ ಡಾಗ್‌ವುಡ್ ಮರ ಇದೆಯಲ್ಲ, ಅದಕ್ಕೆ ಮೊಗ್ಗು ಬಂದ ದಿನದಿಂದ ಅವರ ಬಾಯಲ್ಲಿ ಒಂದೇ ಮಾತು, 'ಮೀನು.' ಆ ಮರ ಹೂ ಬಿಟ್ಟರೆ ಕ್ರ್ಯಾಪಿ ಮೀನು ಮೊಟ್ಟೆಯಿಡಲು ದಡದ ಕಡೆ ಬರುತ್ತವೆ, ಅಪ್ಪ ಮನೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಅದೇ ಅಲ್ಲವಾ ಕ್ಯಾಲೆಂಡರು. ಅಂಗಡಿಯಿಂದ ಮೀನು ತಂದು ಹುರಿದುಕೊಟ್ಟೆ. ಮೂಸಿ ನೋಡಿ ತಟ್ಟೆ ತಳ್ಳಿದರು.

ಸರಿ, ನಾನೇ ಹಿಡಿಯುತ್ತೇನೆ ಅಂತ ಹೊರಟೆ. ನಗಬೇಡ. ಓದಿದವಳ ಬುದ್ಧಿ, ಒಂದು ನೋಟ್‌ಬುಕ್ ಇಟ್ಟೆ. ಬೆಳಿಗ್ಗೆ ನೀರು ಎಷ್ಟು ಬೆಚ್ಚಗಿದೆ, ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು, ಎಲ್ಲ ಬರೆದೆ. ಒಂಬತ್ತು ದಿನ ಬರೆದೆ, ಒಂದು ಮೀನೂ ಬೀಳಲಿಲ್ಲ. ದೋಣಿಕಟ್ಟೆಯಲ್ಲಿ ಟ್ರೆಂಟ್‌ನ ಲಾಯ್ಡ್ ಮಾವ ಸಿಕ್ಕಿದ. ಅವನೀಗ ವಾರಕ್ಕೆ ಐದು ದಿನ ಹೊರಗಿನವರನ್ನು ಮೀನು ಹಿಡಿಸುವುದಕ್ಕೆ ಕರೆದುಕೊಂಡು ಹೋಗುತ್ತಾನೆ. 'ಏನಮ್ಮಾ ಕಾಲೇಜು ಮೇಡಂ, ಮೀನಿಗೆ ಪರೀಕ್ಷೆ ಇಟ್ಟಿದ್ದೀಯಾ? ಎಲ್ಲಾ ಗೈರುಹಾಜರಿ ಕಣೇ!' ಅಂದ. ಅವನ ದೋಣಿಯಲ್ಲಿದ್ದ ಪಟ್ಟಣದವರೂ ನಕ್ಕರು. ನಾನೂ ನಕ್ಕೆ, ಆಮೇಲೆ ಗಾಡಿಯಲ್ಲಿ ಕೂತು ಅತ್ತೆ. ಈಗೀಗ ಯಾವುದಕ್ಕೂ ಅಳು ಬರುತ್ತದೆ.

ಕಾಪಾಡಿದವಳು ಎರೆ ಅಂಗಡಿಯ ವೆಸ್ಟಕ್ಕ. ಎಪ್ಪತ್ತೆಂಟಾದರೂ ಬಾಯಿ ಹಾಗೇ ಇದೆ. ಮಗುವನ್ನು ಕಸಿದುಕೊಂಡು ಸಣ್ಣ ಮೀನುಗಳ ತೊಟ್ಟಿಯ ಪಕ್ಕ ಮಲಗಿಸಿದಳು. ಗಾಳಿ ಬಿಡುವ ಯಂತ್ರದ ಗುಳುಗುಳು ಸದ್ದಿಗೆ ಮೇವಿಸ್ ಎರಡು ನಿಮಿಷದಲ್ಲಿ ನಿದ್ದೆಹೋದಳು, ಮನೆಯಲ್ಲಿ ನಾನು ಯಾವ ಲಾಲಿ ಹಾಡಿದರೂ ಜಪ್ಪಯ್ಯ ಅನ್ನದವಳು. 'ಗಾಳ ಎಷ್ಟು ಕೆಳಗೆ ಬಿಡ್ತೀಯಾ?' ಅಂತ ಕೇಳಿದಳು ವೆಸ್ಟಕ್ಕ. ತಳ ಮುಟ್ಟುವ ತನಕ ಅಂದೆ. ಹಣೆ ಚಚ್ಚಿಕೊಂಡಳು. 'ಅಯ್ಯೋ ಪೆದ್ದೀ, ಅದರ ಕಣ್ಣು ಇರೋದು ಮೇಲಕ್ಕೆ. ಕಾಲಡಿ ಇಟ್ಟ ಊಟ ಯಾರಿಗೆ ಕಾಣುತ್ತೆ? ತಲೆಗಿಂತ ಒಂದಡಿ ಮೇಲೆ ಇಡು, ತಾನೇ ಬರುತ್ತೆ.' ಆಮೇಲೆ ಎರೆಮೀನನ್ನು ಬೆನ್ನಿಗೆ ಚುಚ್ಚದೆ ತುಟಿಗೆ ಚುಚ್ಚುವುದನ್ನು ತೋರಿಸಿಕೊಟ್ಟಳು. ಥಂಡಿಗಾಳಿ ಬೀಸಿದ ಮಾರನೆಯ ದಿನ ಹೋಗಲೇಬೇಡ, ಆಳಕ್ಕಿಳಿದು ಬಾಯಿ ಹೊಲಿದುಕೊಂಡು ಕೂತಿರುತ್ತವೆ ಅಂದಳು. ಕೊನೆಗೆ ಬಾಗಿಲವರೆಗೂ ಬಂದು, 'ಕಚ್ಚಿದ ಮೇಲೆ ಏನು ಮಾಡಬೇಕು ಅಂತ ನಿಮ್ಮಪ್ಪನ ಮಗಳಿಗೆ ನಾನು ಹೇಳಬೇಕಾಗಿಲ್ಲ' ಅಂದಳು.

ಹೇಳಬೇಕಾಗಿರಲಿಲ್ಲ. ನೀನು ಹನ್ನೊಂದು ವರ್ಷದವನಿದ್ದಾಗ ಕೋಲು ಜಗ್ಗಿ ಮೊದಲನೆಯ ಮೀನು ಕಳೆದುಕೊಂಡು ಅಳುತ್ತಿದ್ದೆಯಲ್ಲ, ಆಗ ಅಪ್ಪ ನಿನ್ನ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. 'ಇದರ ಬಾಯಿ ಕಾಗದ ಕಣೋ. ಜಗ್ಗಬಾರದು. ಜಗ್ಗಿದೆಯೋ, ಹರಿದುಕೊಂಡು ಹೋಗುತ್ತೆ, ಮತ್ತೆ ನಿನ್ನ ಹತ್ತಿರ ಬರಲ್ಲ. ಸುಮ್ಮನೆ ಎತ್ತು, ಮಗು ಎತ್ತಿದ ಹಾಗೆ.'

ಮೊನ್ನೆ ಮಂಗಳವಾರ ವೆಸ್ಟಕ್ಕನ ಅಂಗಡಿ ಹಿಂದಿನ ದೋಣಿಕಟ್ಟೆಯ ಕೆಳಗೇ ನಾಲ್ಕು ಸಿಕ್ಕವು. ಎರಡು ಗಂಡು, ಈ ಕಾಲದಲ್ಲಿ ಕಪ್ಪಾಗುತ್ತವಲ್ಲ, ಹಾಗೆ ಮಸಿ ಬಳಿದಂತೆ ಇದ್ದವು. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಅಮ್ಮನ ಕಬ್ಬಿಣದ ಬಾಣಲೆಯಲ್ಲೇ ಕರಿದೆ, ಪಕ್ಕಕ್ಕೆ ಬಿಳಿ ಬೀನ್ಸ್. ಮುಳ್ಳು ತೆಗೆದು ಬಾಯಿಗಿಟ್ಟೆ. ಅಪ್ಪ ಬಹಳ ಹೊತ್ತು ಅಗಿದರು, ನುಂಗಿದರು. ಸಂತೋಷಕ್ಕೆ ಆಗಲೇ ಇನ್ನೊಂದು ತುತ್ತು ಬಿಡಿಸಿಟ್ಟೆ. ಆಮೇಲೆ ಅರ್ಧ ಬಾಯಲ್ಲಿ ಹೇಳಿದರು, 'ಗೂಟದ್ದಲ್ಲ.' ಎಡಗಣ್ಣಿಂದ ನೀರು ಇಳಿಯಿತು. ರುಚಿಯಲ್ಲಿ ಗೊತ್ತಾಯಿತೋ, ನಾನು ಬೇಗ ಬಂದದ್ದರಿಂದ ಗೊತ್ತಾಯಿತೋ, ದೇವರಿಗೇ ಗೊತ್ತು. ಹಾಗಾದರೆ ಗೂಟಗಳು ಎಲ್ಲಿವೆ ಹೇಳಿ ಅಪ್ಪ, ಹೋಗಿ ತರುತ್ತೇನೆ ಅಂತ ಕೇಳಿದೆ. ಗೋಡೆ ಕಡೆ ತಿರುಗಿ 'ಡೆನ್ವರ್' ಅಂದರು. ಒಂದು ವರ್ಷದಲ್ಲಿ ನಿನ್ನ ಹೆಸರು ಹೇಳಿದ್ದು ಅದೇ ಮೊದಲು. ಬೈದರೋ ಕರೆದರೋ ನನಗೆ ತಿಳಿಯಲಿಲ್ಲ.

ಹೋದ ವರ್ಷದ ಆ ಶನಿವಾರದ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಬೇರೆ ಯಾವುದರ ಬಗ್ಗೆ ಬರೆದರೂ ಅಲ್ಲಿಗೇ ಬರುತ್ತೇನೆ. ಆ ಗೂಟಗಳು ಅಂದರೆ, ಮೂವತ್ತೊಂದು ವರ್ಷ ಚಳಿಗಾಲದಲ್ಲಿ ಕೆರೆಯ ನೀರು ಇಳಿದಾಗಲೆಲ್ಲ ಅಪ್ಪ ಓಕ್ ಮರದ ಗೂಟ ಹೊಡೆದು, ನಡುವೆ ಸೀಡರ್ ಕೊಂಬೆ ಕಟ್ಟಿ ಮೀನಿಗೆ ಮಾಡಿದ ಜಾಗ. ನೀರು ಏರಿದ ಮೇಲೆ ಅದರ ಮೇಲೆ ಗುರುತಿಲ್ಲ, ಗೆರೆಯಿಲ್ಲ. ನೀರಿನ ಟ್ಯಾಂಕಿನ ಎಡಗಾಲು ಚರ್ಚಿನ ಶಿಲುಬೆಗೆ ತಾಗಬೇಕು, ಬೆನ್ನ ಹಿಂದೆ ಒಣಮರ ಹಳೆಯ ಕೊಟ್ಟಿಗೆಯನ್ನು ಮುಚ್ಚಬೇಕು, ಅಷ್ಟೇ. ಅದನ್ನು ನಿನಗೊಬ್ಬನಿಗೇ ಹೇಳಿದ್ದರು. ನನಗೆ ಹೇಳಲಿಲ್ಲ. ನಾನು ಹೊರಗಿನವರನ್ನು ಕರೆತರುವ ಲಾಯ್ಡ್ ಮಾವನ ಮನೆ ಸೇರುವವಳು, ನನಗೆ ಗೊತ್ತಿರಬಾರದ ಜಾಗ ಅದು. ಆ ಬೆಳಿಗ್ಗೆ ಅಪ್ಪ ಹೋದಾಗ ಗೂಟಗಳ ಮೇಲೆ ಹನ್ನೊಂದು ದೋಣಿ ಸುತ್ತುಗಟ್ಟಿದ್ದವು, ನಟ್ಟನಡುವೆ ಗುರುತಿಗೆ ಬಿಟ್ಟ ಹಾಗೆ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು ತೇಲುತ್ತಿತ್ತು. ಆ ದೋಣಿಯವರು ಲಂಗರು ಎಳೆದೆಳೆದು ಅರ್ಧ ಗೂಟಗಳನ್ನೇ ಕಿತ್ತಿದ್ದರು. ಕ್ಯಾನಿನ ಮೇಲೆ ನಿನ್ನ ಹೆಸರು. ಬೆಕ್ಕುಮೀನಿಗೆ ಗಾಳ ಕಟ್ಟಿ ತೇಲಿಬಿಡುವ ಕ್ಯಾನುಗಳ ಮೇಲೆ ಕಾನೂನಿಗಂತ ನೀನೇ ಕಪ್ಪು ಮಸಿಯಲ್ಲಿ ಬರೆದದ್ದು. ಅಪ್ಪ ಅದನ್ನು ತಂದು ಅಡುಗೆಮನೆಯ ನೆಲಕ್ಕೆ ಎಸೆದದ್ದು, 'ಎಷ್ಟಕ್ಕೆ ಮಾರಿದೆಯೋ? ಒಂದು ಪೆಟ್ಟಿಗೆ ಬಿಯರಿಗಾ?' ಅಂದದ್ದು, ನೀನು ಒಂದೇ ಸಲ 'ನಾನಲ್ಲ' ಅಂದದ್ದು, ಎರಡನೇ ಸಲ ಹೇಳದೆ ಹೋದದ್ದು. ನಾನು ಬಚ್ಚಲ ಬಾಗಿಲ ಹತ್ತಿರವೇ ನಿಂತಿದ್ದೆ ಅಣ್ಣಾ. ಬಾಯಿ ಬಿಡಲಿಲ್ಲ. ಆ ಕ್ಯಾನನ್ನು ಅಪ್ಪ ದೋಣಿ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಇನ್ನೂ ಅಲ್ಲೇ ಇದೆ.

ಈ ಫೆಬ್ರವರಿಯಲ್ಲಿ ನೀರು ಇಳಿದಾಗ ಯಾರೂ ಗೂಟ ಹೊಡೆಯಲಿಲ್ಲ. ಮರ ಸ್ವಲ್ಪ ಉಳಿದಿದ್ದರೂ ಸಾಕು, ಮೀನು ತಿರುಗಿ ಬರುತ್ತವೆ ಅನ್ನುತ್ತಾಳೆ ವೆಸ್ಟಕ್ಕ. ಅಪ್ಪನನ್ನು ಎತ್ತಿ ದೋಣಿಯಲ್ಲಿ ಕೂರಿಸುವ ಬಲ ಟ್ರೆಂಟ್‌ಗೆ ಇದೆ, ಆದರೆ ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಅವನಿಗೆ ಅಪ್ಪ ಸತ್ತರೂ ಹೇಳುವುದಿಲ್ಲ. ನಿನಗೆ ರಜೆ ಹದಿನೈದಕ್ಕೆ ಶುರು ಅಂತ ಆಫೀಸಿನವರು ಹೇಳಿದರು. ಪಡೂಕಾದ ಆ ಬಾಡಿಗೆ ಕೋಣೆಯಿಂದ ಇಲ್ಲಿಗೆ ಒಂದು ಗಂಟೆ ದಾರಿ. ಒಂದು ಬೆಳಿಗ್ಗೆ ಬಾ. ಒಳಗೆ ಬರದಿದ್ದರೂ ಪರವಾಗಿಲ್ಲ, ದೋಣಿಕಟ್ಟೆಗೆ ಬಾ. ಡಾಕ್ಟರ್ ಇನ್ನೊಂದು ಸಲ ಆದರೆ ಅಂತ ಶುರು ಮಾಡಿ ಮಾತು ನಿಲ್ಲಿಸಿದರು. ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದು ಏನೂ ಹೇಳಬೇಡಿ ಅಂದಿದ್ದಾರೆ. ನಾನು ಏನೂ ಹೇಳದೆಯೇ ಇದ್ದೇನೆ.

ಮೈ ನೋಡಿಕೋ. ಹಗ್ಗದ ಕೆಲಸಕ್ಕೆ ಕೈಗವಸು ಮರೆಯಬೇಡ. ಟ್ರೆಂಟ್ ನೆನಪು ಹೇಳಿದ್ದಾನೆ. ನಿನ್ನ ಕಿವಿ ಹೊತ್ತ ಸೊಸೆ ನಿನ್ನನ್ನು ನೋಡಬೇಕಂತೆ.

ನಿನ್ನ ತಂಗಿ,
ಶೆಲ್ಬಿ

ಮ.ಬ.: ಲಕೋಟೆಗೆ ಹಾಕಿ ಅಂಟಿಸಿದ್ದೆ, ಹರಿದು ತೆಗೆದೆ. ಪೋಸ್ಟ್ ಗಾಡಿ ಬರುವುದಕ್ಕೆ ಹತ್ತು ನಿಮಿಷ ಇದೆ. ಆ ಕ್ಯಾನು ಬಿಟ್ಟವಳು ನಾನು. ಚಿಕ್ಕವಳಿದ್ದಾಗ ದೋಣಿಯ ಮೂಲೆಯಲ್ಲಿ ನಿದ್ದೆ ಬಂದವಳ ಹಾಗೆ ಮಲಗಿ ಟ್ಯಾಂಕು, ಶಿಲುಬೆ ಎಲ್ಲ ನೋಡಿಟ್ಟಿದ್ದೆ. ಮೊನ್ನೆ ಗೂಟ ಎಲ್ಲಿ ಅಂತ ಅಪ್ಪನನ್ನು ಕೇಳಿದ್ದೂ ಗೊತ್ತಿಲ್ಲದವಳ ನಾಟಕವೇ. ನನಗೂ ಬರುತ್ತದೆ ಅಂತ ಅಪ್ಪನಿಗೆ ತೋರಿಸಬೇಕಿತ್ತು. ಆ ಶುಕ್ರವಾರ ಸಂಜೆ ಒಬ್ಬಳೇ ಹೋಗಿ, ದಾರಕ್ಕೆ ಸೀಸದ ಗುಂಡು ಕಟ್ಟಿ ಬಿಟ್ಟು ಗೂಟ ತಡಕಿ, ಜಾಗ ತಪ್ಪದಿರಲಿ ಅಂತ ಕೊಟ್ಟಿಗೆಯಲ್ಲಿದ್ದ ನಿನ್ನ ಕ್ಯಾನಿಗೆ ಇಟ್ಟಿಗೆ ಕಟ್ಟಿ ಬಿಟ್ಟೆ. ಮೇವಿಸ್ ಆಗ ಹೊಟ್ಟೆಯಲ್ಲಿ ಎರಡು ತಿಂಗಳು, ಯಾರಿಗೂ ಹೇಳಿರಲಿಲ್ಲ. ವಾಂತಿ ಮಾಡುತ್ತಾ ದಡಕ್ಕೆ ಬಂದೆ, ಕ್ಯಾನು ಮರೆತೇ ಹೋಯಿತು. ಶನಿವಾರ ಹೇಳಬೇಕಿತ್ತು, ಭಾನುವಾರ ಹೇಳಬೇಕಿತ್ತು. ದಿನ ಕಳೆದಷ್ಟೂ ಬಾಯಿ ಕಟ್ಟಿತು.

ಈಗತಾನೇ ಅಪ್ಪನಿಗೆ ಹೇಳಿ ಬಂದೆ. ಪ್ರಾಣ ಕೈಯಲ್ಲಿ ಹಿಡಿದು ಹೇಳಿದೆ. ಅಪ್ಪ 'ಜಗ್ಗಿಬಿಟ್ಟೆ' ಅಂದರು. ನನಗೇ ಅಂದರು ಅಂದುಕೊಂಡೆ. ಎಡಗೈಯಿಂದ ತಮ್ಮ ಎದೆಯನ್ನೇ ಬಡಿದುಕೊಂಡು ಇನ್ನೊಂದು ಸಲ ಹೇಳಿದರು, 'ಹುಡುಗನ್ನ... ಜಗ್ಗಿಬಿಟ್ಟೆ.' ಕಿಟಕಿ ಕಡೆ ಕೈ ತೋರಿಸಿದರು. ಡಾಗ್‌ವುಡ್ ಪೂರಾ ಬಿಳಿಯಾಗಿದೆ, ಹೆಚ್ಚೆಂದರೆ ಇನ್ನೊಂದು ವಾರ.

ಕ್ಯಾನನ್ನು ಮೊಳೆಯಿಂದ ಇಳಿಸಿ ನಿನ್ನ ಹೆಸರು ಉಜ್ಜಿದೆ, ಹೋಗಲಿಲ್ಲ. ಅದರ ಕೆಳಗೆ ನನ್ನ ಹೆಸರು ಬರೆದು ಮತ್ತೆ ಅಲ್ಲೇ ನೇತುಹಾಕಿದ್ದೇನೆ. ಬಂದಾಗ ನೋಡು.