ಜೊತೆಗೆ ಬಂದವರು

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ, ಅಂಗಡಿಯ ಮೇಜಿನಿಂದ

ನನ್ನ ಮಗಳ ತಾಯಿಗೆ,

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ, ನನಗೆ ಸರಿಯಾಗಿ ಬರುವುದು ಅದೊಂದೇ. ಡಾಕ್ಟರ ತಪಾಸಣೆ ಏಳು ಸಲ, ಸ್ಕ್ಯಾನಿಂಗ್ ಮೂರು ಸಲ, ತಂದೆಯಾಗುವವರಿಗೆಂದು ಆಸ್ಪತ್ರೆಯವರು ನಡೆಸುವ ತರಗತಿ ನಾಲ್ಕು. ಒಟ್ಟು ಹದಿನಾಲ್ಕು. ಅದರಲ್ಲಿ ನಾನು ಬಂದದ್ದು ಒಂದಕ್ಕೆ, ಅದೂ ಗೇಟಿನ ತನಕ. ನಿನ್ನ ಹಸಿರು ಕಾರ್ಡಿನಲ್ಲಿ 'ಜೊತೆಗೆ ಬಂದವರು' ಎಂದು ಒಂದು ಅಂಕಣವಿದೆಯಲ್ಲ, ಅಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕೂ ನಮ್ಮ ಅಂಗಡಿಯ ಡ್ರೈವರ್ ನಿಧಾನಪ್ಪನ ಸಹಿ.

ನಿನ್ನ ಅಕ್ಕನ ಮನೆಯಿಂದ ನೀನು ಬರೆದದ್ದು ಮೂರೇ ಸಾಲು. ಹತ್ತೊಂಬತ್ತಕ್ಕೆ ಮಗುವಿನ ಚುಚ್ಚುಮದ್ದು. ಬರುವುದಾದರೆ ಬನ್ನಿ. ಆದರೆ ಹೆರಿಗೆಯ ದಿನ ಹತ್ತೂಮುಕ್ಕಾಲರಿಂದ ಎರಡು ಗಂಟೆಯವರೆಗೆ ಎಲ್ಲಿದ್ದಿರಿ ಎಂದು ಬರೆದು ಕಳಿಸಿ, ಆಮೇಲೆ ಬನ್ನಿ. ಎರಡು ತಿಂಗಳಿಂದ ಮಗಳ ಮುಖ ಕಂಡಿಲ್ಲ. ಅದಕ್ಕೇ ಈ ಪತ್ರ.

ನಿಧಾನಪ್ಪನನ್ನು ನಾನೇಕೆ ಕಳಿಸಿದೆ ಎಂಬುದು ನಿನಗೆ ಗೊತ್ತು. ಹದಿನೆಂಟು ವರ್ಷ ನಮ್ಮ ಗಾಜು ಸಾಗಿಸಿದವನು. ಆಳೆತ್ತರದ ಕನ್ನಡಿಯನ್ನು ಗುಂಡಿ ಬಿದ್ದ ರಸ್ತೆಯಲ್ಲಿ ಒಂದು ಗೀರಿಲ್ಲದೆ ಮುಟ್ಟಿಸುವವನು. ಮೊದಲ ತಿಂಗಳಲ್ಲಿ ಡಾಕ್ಟರಮ್ಮ "ಕುಲುಕಾಟ ಆಗಬಾರದು" ಅಂದದ್ದೇ ತಡ, ನಾನು ಲೆಕ್ಕ ಹಾಕಿದೆ: ಈ ಕೆಲಸಕ್ಕೆ ಅವನಿಗಿಂತ ಯೋಗ್ಯ ಇನ್ಯಾರು? "ನೀವು ಬನ್ನಿ ಅಂದ್ರೆ ಡ್ರೈವರನ್ನ ಕಳಿಸ್ತೀರಲ್ಲ, ನಾನೇನು ಲೋಡಾ?" ಅಂತ ನೀನು ಕೇಳಿದೆ. ನಾನು ನಕ್ಕೆ. ನೀನು ನಗಲಿಲ್ಲ. ನಾನು ಗಾಜಿನಂಗಡಿಯಲ್ಲಿ ನೆಲ ಗುಡಿಸುತ್ತ ಮೇಲೆ ಬಂದವನು. ಕೆಲಸ ಬಲ್ಲವನಿಗೆ ಕೆಲಸ ಒಪ್ಪಿಸುವುದೇ ಜಾಣತನ ಅಂತ ಅಲ್ಲೇ ಕಲಿತದ್ದು. ಎಲ್ಲದಕ್ಕೂ ಅದೇ ಅಳತೆಕೋಲು ಹಿಡಿದೆ.

ಮೊದಲ ತರಗತಿಗೆ ನಿನ್ನ ಬಲವಂತಕ್ಕೆ ಬಂದೆನಲ್ಲ, ಗೇಟಿನಿಂದಲೇ ಕಿಟಕಿಯೊಳಗೆ ಕಂಡಿತು. ಎಂಟು ಜನ ಗಂಡಸರು ಸಾಲಾಗಿ ಕೂತು ರಬ್ಬರ್ ಗೊಂಬೆಗೆ ಬಟ್ಟೆ ಸುತ್ತುತ್ತಿದ್ದರು. ಅವರಲ್ಲೊಬ್ಬ ನನಗೆ ದೊಡ್ಡ ಆರ್ಡರು ಕೊಡುವ ಕಂಟ್ರಾಕ್ಟರು. ಅವನ ಮುಂದೆ ಗೊಂಬೆ ಹಿಡಿದು ಕೂತರೆ ನಾಳೆ ದರ ಮಾತಾಡುವುದು ಹೇಗೆ ಅನ್ನಿಸಿತು. "ಲಾರಿ ಬಂದಿದೆಯಂತೆ" ಅಂತ ಹೇಳಿ ತಿರುಗಿಬಿಟ್ಟೆ. ಅವತ್ತು ಯಾವ ಲಾರಿಯೂ ಬಂದಿರಲಿಲ್ಲ.

ಆ ಕುರ್ಚಿಯಲ್ಲಿ ನಿಧಾನಪ್ಪ ಕೂತ. ಐವತ್ತೈದು ದಾಟಿದವನು, ಮೂರು ಮಕ್ಕಳ ತಂದೆ. ಮಾರನೇ ದಿನ ಅಂಗಡಿಯಲ್ಲಿ ಎಲ್ಲರೆದುರು, "ಸಾವ್ಕಾರ್ರೇ, ನನ್ನ ಮೂರು ಮಕ್ಕಳು ಹೆಂಗ್ ಹುಟ್ಟಿದ್ವು ಅಂತ ನಂಗೆ ಈಗ ಗೊತ್ತಾಯ್ತು" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ. ಮಗುವಿನ ಎದೆಬಡಿತ ಕೇಳಿಸಿದರಂತೆ, ಕುದುರೆ ಓಡಿದ ಹಾಗಿತ್ತಂತೆ. ಅದನ್ನು ನಾನು ನನ್ನ ಡ್ರೈವರ್ ಬಾಯಲ್ಲಿ ಕೇಳಿದೆ, ಗಾಜು ಅಂಟಿಸುವ ಸಿಲಿಕಾನ್ ಟ್ಯೂಬು ಎಣಿಸುತ್ತ.

ಎಂಟನೇ ತಿಂಗಳಲ್ಲಿ ಆ ಬೆಳಿಗ್ಗೆ ನೀನು ತಲೆನೋವು ಅಂದೆ, ಕಣ್ಣ ಮುಂದೆ ಕಿಡಿ ಹಾರಿದ ಹಾಗಾಗುತ್ತೆ ಅಂದೆ. "ನಿದ್ದೆ ಸಾಲದು, ಮಲ್ಕೋ" ಅಂದು ನಾನು ಹೊಸ ಶೋರೂಮಿಗೆ ಗಾಜು ಕೂರಿಸಲು ಹೋದೆ. ಹತ್ತು ಗಂಟೆಗೆ ಗೋಡೌನ್ ಕೀಲಿ ಒಯ್ಯಲು ಮನೆಗೆ ಬಂದ ನಿಧಾನಪ್ಪ ನಿನ್ನ ಊದಿದ ಮುಖ ನೋಡಿದ. ಮೂರನೇ ತರಗತಿಯಲ್ಲಿ ಹೇಳಿದ್ದರಂತೆ: ತಲೆನೋವು, ಕಣ್ಣಲ್ಲಿ ಕಿಡಿ, ಮುಖದ ಊತ ಮೂರೂ ಸೇರಿದರೆ ರಕ್ತದೊತ್ತಡ ಏರಿದೆ, ಒಂದು ಗಳಿಗೆ ಕಾಯಬೇಡಿ ಅಂತ. ಗಾಡಿಯಲ್ಲಿದ್ದ ಹನ್ನೆರಡು ಗಾಜನ್ನು ನಮ್ಮ ಕಾಂಪೌಂಡ್ ಗೋಡೆಗೆ ಒರಗಿಸಿ ನಿನ್ನನ್ನು ಕೂರಿಸಿಕೊಂಡ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನು ಹಾರ್ನ್ ಬಡಿಯುತ್ತ ಗಾಡಿ ಓಡಿಸಿದ್ದನ್ನು ಬೀದಿಯವರೆಲ್ಲ ನೋಡಿದರು.

ನೀವು ಆಸ್ಪತ್ರೆ ಮುಟ್ಟಿದಾಗ ಹತ್ತೂಮುಕ್ಕಾಲು. ನಾನು ಬಂದಾಗ ಎರಡು ಗಂಟೆ. ಬಾಗಿಲಲ್ಲಿ ನರ್ಸ್ ತಡೆದಳು. "ಒಬ್ರಿಗೇ ಬಿಡೋದು. ಯಜಮಾನ್ರು ಆಗ್ಲೇ ಒಳಗಿದ್ದಾರೆ. ನೀವ್ಯಾರು?" ಅಂದಳು. ನಿಧಾನಪ್ಪನೇ ಹೊರಗೆ ಬಂದು ಆಸ್ಪತ್ರೆಯವರು ಕೊಟ್ಟಿದ್ದ ತನ್ನ ಕೊರಳ ಬಿಲ್ಲೆ ತೆಗೆದು ನನಗೆ ಹಾಕಿದ. "ಹೋಗಿ ಸಾವ್ಕಾರ್ರೇ, ಹೆಣ್ಣು. ಅಮ್ಮಾವ್ರೂ ಚೆನ್ನಾಗವ್ರೆ" ಅಂದ.

ಮಗು ದಿನ ತುಂಬದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿತ್ತು. ಕೈಯಿಟ್ಟ ಕೂಡಲೇ ಅದು ಗಾಜಲ್ಲ, ಪ್ಲಾಸ್ಟಿಕ್ ಅಂತ ಗೊತ್ತಾಯಿತು. ನಾನು ಮೊದಲು ಗಮನಿಸಿದ್ದು ಅದನ್ನು. ಮಗಳನ್ನು ಆಮೇಲೆ.

ಇನ್ನು ನೀನು ಕೇಳಿದ ಮೂರೂಕಾಲು ಗಂಟೆ. ಫೋನ್ ಸಿಗಲಿಲ್ಲ ಅಂತ ನಿಧಾನಪ್ಪನೇ ನಿನಗೆ ಹೇಳಿದ್ದಾನೆ. ಅವನು ಸುಳ್ಳಾಡುವವನಲ್ಲ ಅಂತ ನೀನೇ ಹೇಳುತ್ತಿದ್ದೆ. ಮುಂದಿನ ವಾರವೇ ಅವನು ಕೆಲಸ ಬಿಟ್ಟ, ವಯಸ್ಸಾಯಿತು ಅಂತ. ಇದಕ್ಕಿಂತ ಹೆಚ್ಚು ಬರೆಯಲು ನನ್ನಲ್ಲಿ ಏನೂ ಇಲ್ಲ. ಹತ್ತೊಂಬತ್ತಕ್ಕೆ ಬರುತ್ತೇನೆ. ಬಾಗಿಲು ತೆಗೆ.

ಇಂತಿ,
ಕಾರ್ಡಿನಲ್ಲಿ ಎಲ್ಲೂ ಸಹಿ ಹಾಕದವನು

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದು ಬರೆಯುತ್ತಿದ್ದೇನೆ. ಫೋನ್ ಸಿಕ್ಕಿತ್ತು, ಒಂದಲ್ಲ, ಮೂರು ಸಲ. ಮೊದಲ ಸಲ, ಗಾಜನ್ನು ಬೀದಿಯಲ್ಲಿ ಬಿಟ್ಟದ್ದಕ್ಕೆ ಬೈದೆ. ಎರಡನೇ ಸಲ, "ನೀನಿದ್ದೀಯಲ್ಲ, ನೋಡ್ಕೋ" ಅಂದೆ. ಮೂರನೇ ಸಲ ಅವನು, "ನಾನು ಇರೋದು ಬೇರೆ, ನೀವು ಇರೋದು ಬೇರೆ. ಬನ್ನಿ" ಅಂದ. ಅದಾದ ಮೇಲೂ ಶೋರೂಮಿನ ಕೊನೆಯ ಗಾಜು ಕೂರಿಸಿ, ಒರೆಸಿ, ಕಂಟ್ರಾಕ್ಟರ್ ತಲೆಯಾಡಿಸಿದ ಮೇಲೆಯೇ ಹೊರಟೆ. ನನ್ನ ಮಾನ ಉಳಿಸಲು ಅವನು ನಿನ್ನ ಮುಂದೆ ಸುಳ್ಳಾಡಿದ. ಅವನು ಕೆಲಸ ಬಿಡಲಿಲ್ಲ, ನಾನೇ ಬಿಡಿಸಿದೆ. ಗೋಡೆಗೆ ಒರಗಿಸಿದ್ದರಲ್ಲಿ ಒಂದು ಒಡೆದಿತ್ತು, ಅದೇ ನೆಪ. ದಿನ ಬೆಳಗಾದರೆ ಅವನ ಮುಖ ನೋಡುವುದು ನನ್ನಿಂದ ಆಗಲಿಲ್ಲ.

ಸಿಕ್ಕಿದ್ದಿಷ್ಟು: ಮಗಳಿಗೆ ಉಸಿರು. ನಿನಗೆ ಮಗಳು. ಕಂಟ್ರಾಕ್ಟರನಿಗೆ ಹೇಳಿದ ವೇಳೆಗೆ ಶೋರೂಮು. ನನಗೆ ಹನ್ನೊಂದು ಗಾಜು. ನಿಧಾನಪ್ಪನಿಗೆ ಏನೂ ಇಲ್ಲ. ಚುಚ್ಚುಮದ್ದಿನ ಕಾರ್ಡಿನಲ್ಲೂ ಆ 'ಜೊತೆಗೆ ಬಂದವರು' ಅಂಕಣ ಇದ್ದರೆ, ನಾನು ಬಂದರೂ ಬರದಿದ್ದರೂ, ಅವನನ್ನು ಕರೆದುಕೊಂಡು ಹೋಗು.