ಡಬ್ಬಿಗೆ ನೀರು ಸುರಿದವಳು

ಕರಜಗಿ,
೧೧ ಜನವರಿ ೨೦೨೫

ನನ್ನ ಮುದ್ದು ಸೃಷ್ಟಿಗೆ,

ಅವ್ವ ಫೋನ್ ಬಿಟ್ಟು ಕಾಗದ ಯಾಕೆ ಬರೆದಳೆಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದನ್ನು ನುಂಗಿಬಿಡುತ್ತೇನೆ. ನಿನ್ನೆಯೂ ಹಾಗೇ ಆಯಿತು.

ನಿನ್ನೆ ನೀನು ಅಳುತ್ತಿದ್ದೆ. ವಿಮಾನದ ಊಟಕ್ಕೆ ಪ್ಲಾಸ್ಟಿಕ್ ತಟ್ಟೆ ಬಿಡಿಸಿ ಕಬ್ಬಿನ ಸಿಪ್ಪೆಯ ಡಬ್ಬಿ ತಂದದ್ದು ನಿನ್ನ ಎರಡು ವರ್ಷದ ದುಡಿಮೆ. ಜೇವರ್ಗಿ ಕಡೆಯ ಶಮ್ಸುನ್ನಿಸಾ ಎಂಬವರು ಡಬ್ಬಿ ಸೋರಿ ಬಟ್ಟೆ ಒದ್ದೆಯಾಯಿತೆಂದು ದೂರು ಬರೆದಿದ್ದಾರೆ, ಇಪ್ಪತ್ತನೇ ತಾರೀಖು ಸಾಹೇಬರಿಗೆ ಉತ್ತರ ಕೊಡಬೇಕು, ಇದೇ ನೆಪದಲ್ಲಿ ಮತ್ತೆ ಪ್ಲಾಸ್ಟಿಕ್ ತರುತ್ತಾರೆ ಎಂದು ನೀನು ಹೇಳಿದೆ. ನಾನು ‘ಎಲ್ಲಾ ಛಲೋ ಆಗ್ತದ ಬಿಡು’ ಎಂದು ಫೋನ್ ಇಟ್ಟೆ. ನಿನ್ನ ದೆಹಲಿಯ ಮನೆಯಿಂದ ನಾನು ವಿಮಾನದಲ್ಲಿ ಹೈದರಾಬಾದಿಗೆ ಮರಳಿದ ದಿನ ಆ ಶಮ್ಸುನ್ನಿಸಾ ಕೂತದ್ದು ನನ್ನ ಪಕ್ಕದಲ್ಲೇ, ಮಗಳೇ. ಅವರನ್ನು ಒದ್ದೆ ಮಾಡಿದವಳು ನಾನು.

ನಿನ್ನ ಡಬ್ಬಿಯಲ್ಲಿ ಉಪ್ಪಿಟ್ಟು ತಿಂದೆ. ಕಟ್ಟಿಗೆಯ ಚಮಚ ನಾಲಿಗೆಗೆ ಒರಟು, ಅದನ್ನು ಸ್ವಲ್ಪ ನುಣುಪು ಮಾಡಿಸು. ಬಾಟಲಿ ಬಿಟ್ಟು ಅಂಗೈಯಷ್ಟು ಲೋಟದಲ್ಲಿ ನೀರು ಕೊಟ್ಟರೆ ನನ್ನಂಥವಳ ದಾಹಕ್ಕೆ ಎಲ್ಲಿ ಸಾಲುತ್ತದೆ? ಮತ್ತೆ ಮತ್ತೆ ಕೇಳಲು ಸಂಕೋಚವಾಯಿತು. ಆದರೂ ನನ್ನ ಮಗಳು ಮಾಡಿಸಿದ ಡಬ್ಬಿಯೆಂದು ನೂರು ಸಲ ತಿರುಗಿಸಿ ನೋಡಿದೆ. ತಿಂದಾದ ಮೇಲೆ ನಮ್ಮ ಮನೆಯ ರೂಢಿ ನಿನಗೆ ಗೊತ್ತಲ್ಲ. ಉಣ್ಣುವುದೆಲ್ಲ ಪ್ರಸಾದ, ಒಂದಗುಳೂ ಬಿಡಬಾರದು, ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯಬೇಕು. ಆಕಾಶದಲ್ಲಿದ್ದೇನೆಂದು ಬಿಡಲಾದೀತೇ? ಲೋಟದ ನೀರನ್ನೆಲ್ಲ ಡಬ್ಬಿಗೆ ಸುರಿದೆ. ಎತ್ತಿ ಬಾಯಿಗಿಡುವಷ್ಟರಲ್ಲಿ ಡಬ್ಬಿ ಮೆತ್ತಗಾಗಿ ಬಾಗಿತು, ನೀರೆಲ್ಲ ಅವರ ಮಡಿಲಿಗೆ ಬಿತ್ತು.

ಮುಖ ಎತ್ತಲಾಗಲಿಲ್ಲ ನನಗೆ. ಪುಣ್ಯಾತ್ಗಿತ್ತಿ ತಮ್ಮ ಓಢಣಿಯಿಂದ ಮೊದಲು ನನ್ನ ಸೀರೆ ಒರೆಸಿದರು. ‘ನಿಮ್ಮ ತಪ್ಪೇನದರಿ ಅಕ್ಕಾರ? ಇಂಥಾ ಡಬ್ಬಿ ಕೊಟ್ಟಾರಲ್ಲ, ಅವರಿಗೆ ಬರದ ಕೊಡ್ತೇನಿ ತಡೀರಿ’ ಎಂದು ದೂರಿನ ಹಾಳೆ ತರಿಸಿದರು. ಅದು ನನ್ನ ಮಗಳ ಡಬ್ಬಿ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಮರ್ಯಾದೆ ಉಳಿಸಲು ಅವರು ಬರೆದದ್ದು ನಿನ್ನ ಕುತ್ತಿಗೆಗೆ ಬಂತು. ನಾನು ಸುಮ್ಮನಿದ್ದದ್ದು ತಪ್ಪು, ಕಂದಾ, ಕ್ಷಮಿಸು.

ಈ ಕಾಗದವನ್ನು ನಿನ್ನ ಸಾಹೇಬರಿಗೆ ತೋರಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಪ್ಪಿತಸ್ಥ ಅವ್ವ,
ಶಿವಕಾಂತಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಡಬ್ಬಿ ಮೆತ್ತಗಾಯಿತು ಎಂದೆನಲ್ಲ, ಅದು ಸುಳ್ಳು. ಹಾಗೆಯೇ ಬಿಟ್ಟರೆ ತಪ್ಪು ನಿನ್ನ ಡಬ್ಬಿಯ ಮೇಲೇ ಉಳಿಯುತ್ತದೆ. ಡಬ್ಬಿ ಗಟ್ಟಿಯಾಗಿಯೇ ಇತ್ತು, ಒಂದು ಹನಿಯೂ ಸೋರಲಿಲ್ಲ. ನಡುಗಿದ್ದು ನನ್ನ ಕೈ. ದಸರೆಯಿಂದಲೂ ನಡುಗುತ್ತಿದೆ. ಗೊತ್ತಾದರೆ ನೀನು ಕೆಲಸ ಬಿಟ್ಟು ಓಡಿ ಬರುತ್ತೀಯೆಂದು, ನಿನ್ನ ಮನೆಯಲ್ಲಿದ್ದ ಹದಿನೈದು ದಿನವೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಈ ಹಾಳೆಯನ್ನೂ ಸಾಹೇಬರಿಗೆ ತೋರಿಸು.