ಜಡೆಯೋ ಲೇಪವೋ

ಅಜ್ಜಂಪುರ, ೧೯೧೨

ತರೀಕೆರೆಯಲ್ಲಿರುವ ತಂಗಿ ಮಗಳು ಕಮಲಾಕ್ಷಿಗೆ,

ಮದುವಣಗಿತ್ತಿಯರ ಜಡೆ ಹೆಣೆಯುವುದೋ, ಮುಖದ ಲೇಪವೋ, ಯಾವ ಕಸುಬು ಹಿಡಿಯಲಿ ಎಂದು ಕೇಳಿದ್ದೀಯ. ಹೋದ ತಿಂಗಳಾಗಿದ್ದರೆ ಜಡೆ ಅನ್ನುತ್ತಿದ್ದೆ.

ಬುಕ್ಕಾಂಬುಧಿಯ ಮುದ್ದಪ್ಪನ ಮಗಳ ಮುಖದಲ್ಲಿ ಸಿಡುಬಿನ ಕಲೆ. ಹೆಣ್ಣು ನೋಡಲು ಬಂದವರಿಗೆ ಕಾಣದಿರಲೆಂದು ನಾನೇ ಅರಿಶಿನ ದಪ್ಪಗೆ ಬಳಿದೆ. ಗಂಡಿನ ತಾಯಿ, "ಏನಮ್ಮಾ, ಗೋಡೆಗೆ ಕೆಮ್ಮಣ್ಣು ಸಾರಿಸ್ದಂಗೈತಲ್ಲ!" ಅಂದಳು. ಹುಡುಗಿ ಎದ್ದು ಮುಖ ತೊಳೆದು ಬಂದು, "ನನ್ನ ಮುಖ ಇದೇ ಕಣ್ರೀ" ಅಂದಳು. ಬಂದವರು ಎಲೆಅಡಿಕೆ ಮುಟ್ಟದೆ ಹೋದರು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನ ಅರಿಶಿನಕ್ಕೆ ಅವಳ ಕೆನ್ನೆ ಉರಿದು ಗುಳ್ಳೆ ಎದ್ದಿದೆಯಂತೆ. ನೀನು ಲೇಪವನ್ನೇ ಹಿಡಿ. ಮುಚ್ಚುವುದನ್ನಲ್ಲ, ವಾಸಿ ಮಾಡುವುದನ್ನು ಕಲಿ. ಸೋಮವಾರದ ರೈಲಿಗೆ ಹೊರಟು ಬಾ. ಮೊದಲು ಅವಳ ಮನೆಗೆ ಹೋಗು. ಆ ಮನೆಯವರು ನನ್ನನ್ನು ಬಾಗಿಲ ಹತ್ತಿರವೂ ಬಿಡುತ್ತಿಲ್ಲ.

ನಿನ್ನ ದೊಡ್ಡಮ್ಮ
ಶಂಕರಮ್ಮ